ಒರಗಿ ತೋರಿಸುವ ರಾಮಾಂಜಿನಯ್ಯ

ತುಮಕೂರಿನ ಶಿರಾ ಗೇಟಲ್ಲಿ ಸ್ಟೀಲ್ ರೇಲಿಂಗ್ ಮಾಡಿಕೊಡುವವರಿಗೇನು ಬರವಿಲ್ಲ. ಒಬ್ಬೊಬ್ಬರದೂ ಅಂಗಡಿಗಿಂತ ದೊಡ್ಡ ಬೋರ್ಡು. ರಾಮಾಂಜಿನಯ್ಯನಿಗೆ ಬೋರ್ಡೇ ಇಲ್ಲ. ಅವನ ತೊಂಬತ್ತನಾಲ್ಕು ಕೆ.ಜಿ. ಮೈಯೇ ಅವನ ಜಾಹೀರಾತು. ಮೆಟ್ಟಿಲಿಗೋ ಬಾಲ್ಕನಿಗೋ ರೇಲಿಂಗ್ ಕೂರಿಸಿದವನೇ ಮನೆಯವರನ್ನೆಲ್ಲ ಕರೆದು ನಿಲ್ಲಿಸಿ, ಚಪ್ಪಲಿ ಬಿಟ್ಟು, ಸೊಂಟ ಕೊಟ್ಟು ಅದಕ್ಕೆ ಒರಗುತ್ತಾನೆ. ಒಂದೊಂದು ಕಂಬದ ಹತ್ತಿರವೂ ಪೂರ್ತಿ ಭಾರ ಬಿಟ್ಟು, ಹಿಮ್ಮಡಿ ಎತ್ತಿ, "ಬೀಳೋದಿದ್ರೆ ಮೊದ್ಲು ನಾನು" ಅನ್ನುತ್ತಾನೆ. ಹೆಂಗಸರು "ಅಯ್ಯೋ, ಹುಷಾರು" ಅಂದರೆ ಅವನಿಗೆ ಊಟ ಆದಷ್ಟೇ ತೃಪ್ತಿ. ಮನೆಗಳಲ್ಲಿ ಬೋಲ್ಟು ಕಾಂಕ್ರೀಟನ್ನು ಕಚ್ಚಿಕೊಂಡಿರುತ್ತದೆ, ಹಾಕಿದ ಗಳಿಗೆಗೇ ಗಟ್ಟಿ. ಇಪ್ಪತ್ತಾರು ವರ್ಷದಲ್ಲಿ ಒಂದು ಕಂಬವೂ ಅವನ ಮರ್ಯಾದೆ ಕಳೆದಿರಲಿಲ್ಲ.

ಕಳೆದ ವರ್ಷ ಕುಣಿಗಲ್ ಕಡೆಯ ಒಂದು ಕೆರೆಯಲ್ಲಿ ನಲವತ್ತು ಜನ ಕೂರುವ ದೋಣಿಯನ್ನು ಗುತ್ತಿಗೆ ಹಿಡಿದಿದ್ದ ತಿಮ್ಮರಾಜು, ಅದರ ಅಂಚಿಗೆ ಇವನ ಕೈಯಲ್ಲೇ ರೇಲಿಂಗ್ ಹಾಕಿಸಿದ್ದ. ಎಡಕ್ಕೆ ಆರು ಕಂಬ, ಬಲಕ್ಕೆ ಆರು. ಅವತ್ತೂ ರಾಮಾಂಜಿನಯ್ಯ ಒರಗಿದ, ಜನ ಚಪ್ಪಾಳೆ ತಟ್ಟಿದರು, ತಿಮ್ಮರಾಜು ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ.

ಈ ವರ್ಷ ಮಳೆ ಮುಗಿಯುತ್ತಲೇ ಫೋನು. "ಯಜಮಾನ್ರೇ, ಎಡಗಡೆ ರೇಲಿಂಗು ಹಾಲುಹಲ್ಲು ಅಲ್ಲಾಡ್ದಂಗೆ ಅಲ್ಲಾಡ್ತೈತೆ. ಬನ್ನಿ ಒಂಚೂರು."

ಹೋಗಿ ನೋಡಿದರೆ ಎಡಗಡೆಯ ಆರೂ ಸಡಿಲ, ಬಲಗಡೆಯ ಆರೂ ಗಟ್ಟಿ. ಕಾರಣವನ್ನು ತಿಮ್ಮರಾಜು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದ. "ಸೆಲ್ಫಿ ನನ್ಮಕ್ಳು ಕಣ್ರೀ. ಸೂರ್ಯ ಮುಳುಗೋದು ಈ ಕಡೆ, ಎಲ್ಲಾ ಈ ಕಡೆನೇ ನೇತಾಡ್ತಾರೆ. ನಿಮ್ ಕೆಲ್ಸದ್ದೇನೂ ತಪ್ಪಿಲ್ಲ ಬುಡಿ."

ಗಿರಾಕಿಯೇ ನೆಪ ಹುಡುಕಿ ಕೈಗೆ ಕೊಡುವ ದಿನ ಕಸುಬಿನವನ ಬಾಳಿನಲ್ಲಿ ಎಷ್ಟು ಸಲ ಬರುತ್ತದೆ? ರಾಮಾಂಜಿನಯ್ಯ "ಹೂಂ, ಇರ್ಬೋದು" ಅಂದು ಸ್ಪ್ಯಾನರ್ ತೆಗೆದ.

ದೋಣಿ ಓಡಿಸುವವಳು ಹುತ್ರಿದುರ್ಗದ ಭಾನುಪ್ರಿಯಾ. ಸಣ್ಣ ಮೈಯವಳು. ಸೀಟಿನ ಕೆಳಗಿನ ಡಬ್ಬಿಯಂಥ ಜಾಗಕ್ಕೆ ರಾಮಾಂಜಿನಯ್ಯನ ಒಂದು ತೊಡೆ ಹೋದರೆ ಹೆಚ್ಚು, ಅದಕ್ಕೆ ಒಳಗೆ ತೂರಿ ನಟ್ಟು ಹಿಡಿಯುವ ಕೆಲಸ ಅವಳಿಗೆ ಬಿತ್ತು. ಎಡಗಡೆಯ ಮೊದಲ ಕಂಬ ಎತ್ತುತ್ತಲೇ ತೂತಿನಿಂದ ಕಂದು ನೀರು ಒಸರಿತು. ದೋಣಿಯ ನೆಲ ಅಂದರೆ ಪ್ಲೈವುಡ್, ಅದರ ಮೇಲೆ ಫೈಬರ್ ಹೊದಿಕೆ. ಸ್ಕ್ರೂಡ್ರೈವರ್ ಚುಚ್ಚಿದರೆ ಪ್ಲೈವುಡ್ಡು ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಎದ್ದು ಬಂತು. ಕಂಬದ ತಳಕ್ಕೆ ನೀರು ಇಳಿಯದಂತೆ ಮೆತ್ತಿದ್ದ ಸೀಲೆಂಟು ಸುತ್ತಲೂ ಹರಿದು ಬಾಯಿಬಿಟ್ಟಿತ್ತು. ಬಲಗಡೆಯ ಒಂದು ಕಂಬ ಬಿಚ್ಚಿ ನೋಡಿದ. ಸೀಲೆಂಟು ರಬ್ಬರ್ ವಾಷರಿನ ಹಾಗೆ ಇಡಿಯಾಗಿತ್ತು, ಮರ ಒಣಗಿತ್ತು.

ಕೆಳಗಿನಿಂದ ತಲೆ ಹೊರಗೆ ಹಾಕಿದ ಭಾನುಪ್ರಿಯಾ ಹೊಸ ಸೀಲೆಂಟಿನ ಡಬ್ಬ ತಿರುಗಿಸಿ ಓದುತ್ತಿದ್ದಳು. "ಅಂಕಲ್, ಹಾಕಿದ್ಮೇಲೆ ಏಳು ದಿನ ಭಾರ ಬಿಡಬಾರ್ದು ಅಂತ ಬರ್ದವ್ರೆ."

"ಅಷ್ಟು ಸಣ್ಣಕ್ಷರ ಯಾರ್ ಓದ್ತಾರಮ್ಮ."

"ಹೋದ್ವರ್ಷ ನೀವು ಒರಗಿದ್ದು ಯಾವತ್ತು?"

ಒರಗಿದ್ದು ಕಂಬ ಕೂರಿಸಿದ ಅದೇ ಸಾಯಂಕಾಲ. ರಾಮಾಂಜಿನಯ್ಯ ಮರ ಕೆರೆಯತೊಡಗಿದ. ಅವಳು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಅವನೊಳಗೇ ಕೂತು ಕೆರೆಯುತ್ತಿತ್ತು. ಅವತ್ತು ಒರಗಿದ್ದು ಎಡಗಡೆ ಮಾತ್ರ. ಅತ್ತ ದಡದ ಸಿಮೆಂಟ್ ಕಟ್ಟೆ ಇತ್ತು. ಬಲಗಡೆ ಎರಡಾಳು ನೀರು, ಇವನಿಗೆ ಈಜು ಬರುವುದಿಲ್ಲ. ಎಡಗಡೆ ಮುಗಿಸಿದವನು ಬಲಗಡೆ ಒಮ್ಮೆ ನೋಡಿ, ಕೆಮ್ಮಿ, ಟೀ ಕೇಳಿದ್ದ. ಚಪ್ಪಾಳೆಯ ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ. ಒರಗಿದ ಕಡೆ ಕೊಳೆತಿತ್ತು, ಒರಗದ ಕಡೆ ಉಳಿದಿತ್ತು.

ಐದು ದಿನ ಕೆಲಸ ಹಿಡಿಯಿತು. ಕೊಳೆತದ್ದನ್ನೆಲ್ಲ ಕೆರೆದು, ಬಿಸಿಲಿಗೆ ಬಿಟ್ಟು ಒಣಗಿಸಿ, ತೂತುಗಳಿಗೆ ಎಪಾಕ್ಸಿ ಅಂಟು ತುಂಬಿ, ಅದು ಕಲ್ಲಾದ ಮೇಲೆ ನಡುವೆ ಹೊಸ ತೂತು ಕೊರೆದ. ಕೆಳಗೆ ನಟ್ಟಿಗೆ ಆಸರೆಯಾಗಿ ಅಗಲದ ಸ್ಟೀಲ್ ತಗಡು ಕೊಟ್ಟ. ಶನಿವಾರ ತಳಕ್ಕೆ ಸೀಲೆಂಟ್ ಮೆತ್ತಿ ಕಂಬಗಳನ್ನು ಕೂರಿಸಿದ.

"ಸಾಕು, ಇನ್ನ ತಿರುಗಿಸ್ಬೇಡ ತಾಯಿ. ಅಂಚಲ್ಲಿ ಸೀಲೆಂಟ್ ಇಣುಕ್ತು. ಉಳಿದ ಬಿಗಿ ಅದು ರಬ್ಬರ್ ಆದ್ಮೇಲೆ."

"ಮುಂಚೆನೇ ಹಿಂಗೆ ಮಾಡಿದ್ರೆ ನಾನು ಈ ಗೂಡಲ್ಲಿ ತೂರೋದು ತಪ್ತಿತ್ತು."

"ಮುಂಚೆ ಬುದ್ಧಿ ಇದ್ದಿದ್ರೆ ನಾನ್ಯಾಕಮ್ಮ ಈ ಕಸುಬಿಗೆ ಬತ್ತಿದ್ದೆ?"

ಅಷ್ಟರಲ್ಲಿ ತಿಮ್ಮರಾಜು ಗುಬ್ಬಿಯ ಅಂಜನ್‌ಕುಮಾರ್‌ನನ್ನು ಕರೆದುಕೊಂಡು ಬಂದ. ಅವನು ಹೊಸ ಕಲ್ಯಾಣಮಂಟಪ ಕಟ್ಟಿಸುತ್ತಿದ್ದ: ಎರಡು ಕಡೆ ಮೆಟ್ಟಿಲು, ಮೇಲೆ ಸುತ್ತಲೂ ಬಾಲ್ಕನಿ. ಅಂಥ ಕೆಲಸ ರಾಮಾಂಜಿನಯ್ಯನಿಗೆ ಮೂರು ವರ್ಷದಿಂದ ಸಿಕ್ಕಿರಲಿಲ್ಲ. ಅದು ಬೇಕೇ ಬೇಕು ಅಂತ ಅವನಿಗೂ ಗೊತ್ತು, ಅಂಜನ್‌ಕುಮಾರನಿಗೂ ಗೊತ್ತು.

"ನೋಡಿ, ಇವ್ರೇ. ಯಜಮಾನ್ರೇ, ಒರಗಿ ತೋರ್ಸಿ ಒಂದ್ಸಲ," ಅಂದ ತಿಮ್ಮರಾಜು. ಫೋನು ಆಗಲೇ ಕೈಗೆ ಬಂದಿತ್ತು.

ರಾಮಾಂಜಿನಯ್ಯ ಕೈ ಒರೆಸಿಕೊಂಡ. ಒರಗಿದರೆ ಕಂಬ ಇವತ್ತು ಅಲ್ಲಾಡುವುದಿಲ್ಲ. ಒಳಗೆ ಸೀಲೆಂಟು ಹರಿಯುವುದು ಯಾರಿಗೂ ಕಾಣುವುದಿಲ್ಲ. ಮುಂದಿನ ಮಳೆಗೆ ಮತ್ತೆ ಸೆಲ್ಫಿಯವರನ್ನು ಬೈದರಾಯಿತು.

"ಇವತ್ತು ಒರಗಲ್ಲ," ಅಂದ.

"ಯಾಕ್ರೀ, ನೀರಂದ್ರೆ ಭಯನಾ?" ಅಂಜನ್‌ಕುಮಾರ್ ನಕ್ಕ.

"ಭಯನೂ ಐತೆ ಸ್ವಾಮಿ, ಈಜು ಬರಲ್ಲ. ಅದ್ಕೇ ಹೋದ್ವರ್ಷ ದಡದ ಕಡೆ ಮಾತ್ರ ಒರಗಿದ್ದೆ. ಒರಗಿದ ಆರರ ಬುಡನೂ ಕೊಳ್ತೋಗೈತೆ, ಒರಗದಿದ್ದ ಆರೂ ನೆಟ್ಟಗವೆ. ಸೆಲ್ಫಿಯೋರದ್ದಲ್ಲ ತಿಮ್ಮರಾಜು, ನನ್ ಸೊಂಟದ್ದೇ ತಪ್ಪು. ಈ ಸೀಲೆಂಟು ಕಚ್ಕೊಳೋಕೆ ಏಳು ದಿನ ಬೇಕು."

ತಿಮ್ಮರಾಜು ಫೋನು ಕೆಳಗಿಳಿಸಿದ. ಆಮೇಲೆ ಕೂಗಿದ: "ನಾಳೆ ಬುಕಿಂಗ್ ಐತಲ್ರೀ!"

"ಎಡಗಡೆ ಯಾರೂ ಬರ್ದಂಗೆ ಹಗ್ಗ ಕಟ್ಟಿ, ಎಲ್ಲಾರ್ನೂ ಬಲಗಡೆ ಕೂರ್ಸಿ."

"ದೋಣಿ ಮಗುಚ್ಕೊಳಲ್ವಾ ಅಂಕಲ್?" ಅಂದಳು ಭಾನುಪ್ರಿಯಾ ಕೆಳಗಿನಿಂದ.

ಅದೂ ನಿಜವೇ. ದೋಣಿ ಒಂದು ವಾರ ದಡದಲ್ಲೇ ನಿಂತಿತು. ಅಂಜನ್‌ಕುಮಾರ್, "ಒರಗೋ ರಾಮಾಂಜಿನಯ್ಯನೇ ಒರಗ್ದೆ ಹೋದ್ರೆ ನಾನೇನ್ ನೋಡ್ಕೊಂಡು ಕೆಲ್ಸ ಕೊಡ್ಲಿ?" ಅಂದು ಕಾರು ಹತ್ತಿದ. ತಿಮ್ಮರಾಜು ಆ ವಾರವೆಲ್ಲ ಫೋನ್ ಎತ್ತಲಿಲ್ಲ.

ಮುಂದಿನ ಶನಿವಾರ ಯಾರೂ ಕರೆಯದಿದ್ದರೂ ರಾಮಾಂಜಿನಯ್ಯ ದೋಣಿಯ ಹತ್ತಿರ ಹೋದ. ನಟ್ಟುಗಳನ್ನು ಕೊನೆಯ ಬಿಗಿ ಬಿಗಿಸಿ, ಕಂಬದ ಬುಡಗಳಿಗೆ ಬಿಂದಿಗೆ ಬಿಂದಿಗೆ ನೀರು ಸುರಿದ. ಭಾನುಪ್ರಿಯಾ ಕೆಳಗೆ ಹಾಸಿದ್ದ ಪೇಪರು ಎಳೆದು ತಂದಳು. ಒಂದು ಹನಿ ಇಲ್ಲ. ಆಮೇಲೆ ಲೈಫ್ ಜಾಕೆಟ್ ಕೇಳಿದ. ಅವನ ಹೊಟ್ಟೆಗೆ ಬಕಲ್ ಸಾಲದೆ ಅವಳು ಹಗ್ಗ ಸೇರಿಸಿ ಕಟ್ಟಿದಳು. ಎಡಗಡೆ ಆರು ಕಂಬ, ಆಮೇಲೆ ಕಣ್ಣು ಮುಚ್ಚಿಕೊಂಡು ಬಲಗಡೆ ಆರು. ಈ ಸಲ ಫೋಟೊ ತೆಗೆಯಲು ತಿಮ್ಮರಾಜು ಇರಲಿಲ್ಲ.

ಮಂಟಪದ ಕೆಲಸ ಬೇರೆಯವರಿಗೆ ಹೋಯಿತು. ತಿಂಗಳ ಮೇಲೆ ಅಂಜನ್‌ಕುಮಾರ್ ಫೋನ್ ಮಾಡಿದ. "ರಾಮಾಂಜಿನಯ್ಯನೋರೆ, ಬೋಲ್ಟ್ ಹಾಕ್ದೆ ಸಿಮೆಂಟಲ್ಲೇ ಕಂಬ ಹುಗ್ದು ರೇಲಿಂಗ್ ಕೂರ್ಸವ್ರೆ. ಯಾಕೋ ಧೈರ್ಯ ಬರ್ತಿಲ್ಲ. ನೀವೊಂದ್ಸಲ ಬಂದು ಒರಗಿ ನೋಡ್ತೀರಾ?"

"ಸಿಮೆಂಟ್ ಹಾಕಿ ಎಷ್ಟ್ ದಿನ ಆಯ್ತು?"

"ಇವತ್ತು ಬೆಳಿಗ್ಗೆ."

"ಯಾರೂ ಮುಟ್ಬೇಡಿ. ಹದಿನೈದು ದಿನ ಬಿಟ್ಟು ಬತ್ತೀನಿ," ಅಂದು ರಾಮಾಂಜಿನಯ್ಯ ಫೋನಿಟ್ಟ.