‘ಜಾಗ ಇಲ್ಲ, ಹೋಗಿ!’ ಎಂದು ಗದರುವ ಬೆನೀತಾ

ಬೆಳಗಿನ ಜಾವ. ಬರೇಲಾ ಹೋಟೆಲಿನ ಉದ್ದನೆಯ ಪಡಸಾಲೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಒಂದು ಕೈಯಲ್ಲಿ ಬೂದಿ ತುಂಬುವ ತಗಡಿನ ಬಕೆಟ್ಟು, ಇನ್ನೊಂದು ಕಂಕುಳಲ್ಲಿ ಪಿನ್ಯೋನ್ ಮರದ ಸೌದೆ ಸೀಳುಗಳು, ಕಾಲಿಗೆ ಸದ್ದಾಗದಂತೆ ಉಣ್ಣೆಯ ಚೀಲ. ಬೆನೀತಾ ಲುಸೇರೊ ಮೂರನೇ ನಂಬರಿನ ಕೋಣೆಯ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ.

“ಬೆಂಕಿ ಹಾಕ್ಲಾ ತಾಯಿ?”

ಒಳಗಿನಿಂದ ನಿದ್ದೆಗಣ್ಣಿನ ಒಂದು ‘ಹೂಂ’ ಬಂದ ಮೇಲೇ ಚಿಲಕಕ್ಕೆ ಕೈ ಹಾಕುವುದು. ಮೂಲೆಯಲ್ಲಿ ಮಣ್ಣಿನ ಅಗ್ಗಿಷ್ಟಿಕೆ, ಹೊಟ್ಟೆಯಲ್ಲಿ ಬಾಯಿ ತೆರೆದ ಗಡಿಗೆಯ ಹಾಗೆ. ಬೆನೀತಾ ಮಂಡಿಯೂರಿ ನಿನ್ನೆಯ ಬೂದಿ ಬಳಿಯುತ್ತಾರೆ, ಸೌದೆಯನ್ನು ಒಂದಕ್ಕೊಂದು ಆನಿಸಿ ನೆಟ್ಟಗೆ ನಿಲ್ಲಿಸುತ್ತಾರೆ, ಕಡ್ಡಿ ಗೀರುತ್ತಾರೆ. ರಾಳದ ಪರಿಮಳ ಎದ್ದಿತೆಂದರೆ ಕೆಲಸ ಆಯಿತು. “ಮಲಗಿಸಿದ್ರೆ ಬರೀ ಹೊಗೆ. ನಮ್ಮನೆಯವರ ಥರ. ಎದ್ದು ನಿಲ್ಸಿದ್ರೇನೆ ಏನಾದ್ರೂ ಉಪಯೋಗ” ಎಂದು ಪಿಸುದನಿಯಲ್ಲಿ ನಗುತ್ತಾರೆ. ಮಂಡಿ ಹಿಡಿದುಕೊಂಡು ಏಳುವಾಗ ಮಾತ್ರ ಆ ನಗು ಇರುವುದಿಲ್ಲ.

ಲಾ ಪಿಯೆದ್ರಾ ಊರಿಗೆ ರೈಲು ಬಂದ ಕಾಲದಿಂದ ಈ ಹೋಟೆಲು ಚೌಕದ ಬದಿಯಲ್ಲಿ ನಿಂತಿದೆ. ಬಂದವರೆಲ್ಲ ಮಹಡಿ ಮೆಟ್ಟಿಲಿನ ಫೋಟೊ ತೆಗೆಯುತ್ತಾರೆ, ಹಳೆಯ ಗಡಿಯಾರದ ಫೋಟೊ ತೆಗೆಯುತ್ತಾರೆ. ತಾವು ಏಳುವ ಹೊತ್ತಿಗೆ ಕೋಣೆ ಬೆಚ್ಚಗಾದದ್ದು ಹೇಗೆ ಎಂದು ಕೇಳುವವರು ಕಡಿಮೆ. ಬೆನೀತಾ ಇಲ್ಲಿಗೆ ಬಂದದ್ದು ಹದಿನೇಳರ ಹುಡುಗಿಯಾಗಿ, ಬಟ್ಟೆ ಒಗೆಯುವ ಮನೆಗೆ. ಗಂಡ ಎಲ್ಫೇಗೊ ರೈಲ್ವೆಯಲ್ಲಿದ್ದರು. ಡಬ್ಬಿಗಳ ಕೊಂಡಿ ಹಾಕುವಾಗ ಬೆನ್ನು ಮುರಿದುಕೊಂಡು ಮನೆಗೆ ಬಂದವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮೂರು ಹೆಣ್ಣುಮಕ್ಕಳ ಓದು, ಮದುವೆ, ಮನೆಯ ಸೂರು ಎಲ್ಲವೂ ಈ ಹೋಟೆಲಿನ ಹಾಸಿಗೆ ಮತ್ತು ಬೂದಿಯ ಮೇಲೆ ನಡೆದವು. ಈಗ ದಿನಕ್ಕೆ ಹದಿನೈದು ಅಗ್ಗಿಷ್ಟಿಕೆ, ಹತ್ತು ಹನ್ನೆರಡು ಹಾಸಿಗೆ. ವಯಸ್ಸು ಅರವತ್ತಾರು.

ಆದರೆ ಊರಿನವರಿಗೆ ಬೆನೀತಾ ಗೊತ್ತಿರುವುದು ಇದಕ್ಕಲ್ಲ. ಬೈಗುಳಕ್ಕೆ.

ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ಸಂಜೆ ಊರಿನ ಜನ ಮೇಣದ ಬತ್ತಿ ಹಿಡಿದು ಮೆರವಣಿಗೆ ಹೊರಡುತ್ತಾರೆ. ಮುಂದೆ ತುಂಬು ಬಸುರಿ ಮೇರಿ ಮಾತೆಯ ವೇಷದ ಹುಡುಗಿ, ಪಕ್ಕದಲ್ಲಿ ಅವಳ ಗಂಡ, ಬಡಗಿ ಜೋಸೆಫನ ವೇಷದವನು. ಹೆರಿಗೆಯ ಹೊತ್ತಿಗೆ ಆ ಇಬ್ಬರಿಗೆ ಎಲ್ಲೂ ತಂಗಲು ಜಾಗ ಸಿಗದ ಕಥೆಯ ಆಟ ಇದು. ಹೋಟೆಲಿನ ಬಾಗಿಲು ಬಡಿದು, ರಾತ್ರಿ ತಂಗಲು ಜಾಗ ಕೊಡಿ ಎಂದು ಹಾಡಿನಲ್ಲಿ ಬೇಡುತ್ತಾರೆ. ಒಳಗಿನವರು ಇಲ್ಲ ಎನ್ನಬೇಕು. ಎಂಟು ಸಂಜೆ ಇಲ್ಲ ಎಂದು, ಒಂಬತ್ತನೆಯ ಸಂಜೆ ಬಾಗಿಲು ತೆರೆಯಬೇಕು. ಒಳಗೆ ನಿಂತು ಇಲ್ಲ ಎನ್ನುವ ಕೆಲಸ ಬೆನೀತಾರದು. ಮೊದಲು ಅವರ ತಾಯಿ ಮಾಡುತ್ತಿದ್ದರು. ಹಾಡಿಗೆ ಹಾಡು ಹೇಳಿದರೆ ಸಾಕು, ಅದೇ ಪದ್ಧತಿ. ಬೆನೀತಾಗೆ ಅಷ್ಟು ಸಾಲದು.

“ಈ ಹೊತ್ನಲ್ಲಿ ಬಂದು ಬಾಗಿಲು ಬಡಿಯೋಕೆ ನಾಚಿಕೆ ಆಗಲ್ವಾ? ಬಸುರಿ ಹೆಂಡ್ತೀನ ಕತ್ತೆ ಮೇಲೆ ಕೂರ್ಸ್ಕೊಂಡು ಊರೂರು ಅಲೀತಾನಂತೆ! ಮರಗೆಲಸ ಬರುತ್ತಲ್ಲ, ಒಂದು ಗುಡಿಸಲು ಕಟ್ಕೊಳ್ಳೋಕೆ ಏನು ರೋಗ ನಿಂಗೆ? ಜಾಗ ಇಲ್ಲ, ಹೋಗಿ!”

ಹೊರಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಪಕ್ಕದ ಹಳ್ಳಿಗಳಿಂದ ಈ ಬೈಗುಳ ಕೇಳಲೆಂದೇ ಬರುವವರಿದ್ದಾರೆ. “ವರ್ಷ ಪೂರ್ತಿ ಬಂದೋರಿಗೆಲ್ಲ ಹಾಸಿಗೆ ಹಾಸಿ ಬೆಂಕಿ ಹಾಕ್ತೀನಿ. ಎಂಟು ದಿನ ದೇವರ ತಾಯೀನ ಬೈತೀನಿ. ಲೆಕ್ಕ ಸರಿ ಹೋಗುತ್ತೆ ಬಿಡಿ” ಎನ್ನುತ್ತಿದ್ದರು ಬೆನೀತಾ. ಹೋದ ವರ್ಷದವರೆಗೂ ಹಾಗೆ ಎನ್ನುತ್ತಿದ್ದರು.

ಹೋದ ವರ್ಷ ಐದನೆಯ ಸಂಜೆ ಹಿಮ ಸುರಿಯಿತು. ಎದುರಿನ ಚರ್ಚಿನ ಗೋಪುರ ಕಾಣದ ಹಾಗೆ ಸುರಿಯಿತು. ಇವತ್ತು ಮೆರವಣಿಗೆ ಬೇಡ ಎಂದು ಪಾದ್ರಿಗಳು ಮಧ್ಯಾಹ್ನವೇ ಹೋಟೆಲಿಗೆ ಫೋನು ಮಾಡಿದ್ದರು. ಸುದ್ದಿ ಆಫೀಸಿನಿಂದ ಅಡುಗೆಮನೆಗೆ ಬಂತು, ಬಂದು ಅಲ್ಲೇ ಕೂತಿತು. ಹಿಂದಿನ ಬಟ್ಟೆ ಮನೆಯಲ್ಲಿದ್ದ ಬೆನೀತಾವರೆಗೆ ಬರಲಿಲ್ಲ. ಅಡುಗೆಯ ಇಗ್ನಾಸೀತಾ, ಮ್ಯಾನೇಜರ್ ಹೇಳಿರುತ್ತಾಳೆ ಎಂದುಕೊಂಡಳು. ಮ್ಯಾನೇಜರ್ ದೆಲ್ಫೀನಾ, ಇಗ್ನಾಸೀತಾ ಹೇಳಿರುತ್ತಾಳೆ ಎಂದುಕೊಂಡಳು.

ಸಂಜೆ ಎಂದಿನಂತೆ ಬೆನೀತಾ ತಲೆಗೆ ಶಾಲು ಹೊದ್ದು ಬಾಗಿಲ ಹಿಂದೆ ನಿಂತರು. ಬಾಗಿಲು ಬಡಿಯಿತು.

ಹಾಡು ಬರಲಿಲ್ಲ. ಒಂದು ಗೊಗ್ಗರು ದನಿ, “ಅಮ್ಮಾ, ಒಂದು ಕೋಣೆ ಸಿಗುತ್ತಾ? ನಮ್ಮವಳಿಗೆ ನಡೆಯೋಕಾಗ್ತಿಲ್ಲ” ಎಂದಿತು. ಜೋಸೆಫನಾದವನಿಗೆ ಚಳಿಗೆ ಗಂಟಲು ಕಟ್ಟಿದೆ ಎಂದುಕೊಂಡರು ಬೆನೀತಾ. ಆ ವರ್ಷದ ಜೋಸೆಫ್ ಮೊಳೆ ಅಂಗಡಿಯವನು, ದಿನವೂ ಹಾಡು ಮರೆಯುತ್ತಿದ್ದ.

“ನಡೆಯೋಕಾಗದೆ ಇದ್ರೆ ಮನೇಲಿ ಇರ್ಬೇಕಿತ್ತು! ಇದೇನು ನಿಮ್ಮಪ್ಪನ ಮನೇನಾ? ಕಳ್ಳರೋ ಸುಳ್ಳರೋ ಯಾರಿಗೆ ಗೊತ್ತು. ಜಾಗ ಇಲ್ಲ, ಹೋಗಿ!”

ಮತ್ತೆ ಬಾಗಿಲು ಬಡಿಯಿತು. ಮೆತ್ತಗೆ. ಬೆನೀತಾ ಇನ್ನೂ ನಾಲ್ಕು ಮಾತು ಸೇರಿಸಿದರು. ಅವತ್ತು ಬೈಗುಳ ಒಳ್ಳೆ ಹದಕ್ಕೆ ಬಂದಿತ್ತು ಎಂದು ಈಗ ತಲೆ ತಗ್ಗಿಸಿ ಹೇಳುತ್ತಾರೆ. ಆಮೇಲೆ ಹೊರಗೆ ನಗು ಕೇಳಲಿಲ್ಲ. ಹಾಡಿನ ಮುಂದಿನ ನುಡಿಯೂ ಬರಲಿಲ್ಲ. ಕಾದರು. ಅಷ್ಟರಲ್ಲಿ ಗಲಾಟೆ ಕೇಳಿ ಅಡುಗೆಮನೆ ಬಿಟ್ಟು ಇಗ್ನಾಸೀತಾ ಬಂದಳು, ಕೈಯಲ್ಲಿ ಸೌಟು.

“ಯಾರನ್ನ ಬೈತಿದ್ದೀಯೇ? ಇವತ್ತು ಮೆರವಣಿಗೆ ಇಲ್ವಲ್ಲ!”

ಬೆನೀತಾ ಬಾಗಿಲು ಎಳೆದರು. ಹಿಮ ಮುಖಕ್ಕೆ ಹೊಡೆಯಿತು. ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ, ಒಂದರ ಪಕ್ಕದಲ್ಲಿ ಊರುಗೋಲಿನ ತೂತು. ಚೌಕದಲ್ಲಿ ಒಂದಷ್ಟು ದೂರ ಹೋಗಿ ಆ ಗುರುತು ಅಳಿಸಿಹೋಗಿತ್ತು. ಊರಿನಲ್ಲಿ ತಂಗಲು ಇದೊಂದೇ ಜಾಗ. ಆಚೆಗೆ ಸೇತುವೆ, ಸೇತುವೆಯ ಆಚೆಗೆ ಬಯಲು.

ಅಂಗಿಯ ಮೇಲೆ ಕಟ್ಟಿದ್ದ ಏಪ್ರನ್ನಿನಲ್ಲೇ, ಕಾಲಿನ ಉಣ್ಣೆ ಚೀಲದಲ್ಲೇ ಬೆನೀತಾ ಓಡಿದರು. ಹಿಂದೆ ಇಗ್ನಾಸೀತಾ. ಏನೆಂದು ಕೂಗುವುದು? ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ. ಬಾಯಿಗೆ ಬಂದದ್ದೇ ಕೂಗಿದರು.

“ಜಾಗ ಇದೆ! ಬನ್ನೀ, ಜಾಗ ಇದೆ!”

ಒಂದು ಕಿಟಕಿ ತೆರೆದುಕೊಂಡಿತು. “ಬೆನೀತಾ ಅತ್ತೆ, ಇವತ್ತು ಐದನೇ ದಿನ! ಇಷ್ಟು ಬೇಗ ಸೋತುಬಿಟ್ರಾ?” ಎಂದು ಯಾರೋ ನಕ್ಕರು.

“ನಕ್ಕಿದ್ದು ಸಾಕು, ಬ್ಯಾಟರಿ ತಗೊಂಡು ಬಾರೋ! ಯಾರನ್ನೋ ಸಾಯೋಕೆ ಕಳಿಸಿಬಿಟ್ಟೆ” ಎಂದರು ಬೆನೀತಾ. ಕಿಟಕಿಯಲ್ಲಿದ್ದವನು ಬ್ಯಾಟರಿ ಹಿಡಿದು ಓಡಿಬಂದ.

ಸೇತುವೆಯವರೆಗೂ ಹೋದರು. ಅಲ್ಲಿ ಯಾರೂ ಇಲ್ಲ. ಸೇತುವೆಯ ಕಂಬಿ ಹಿಡಿದು ಕೆಳಗೆ ಹೊಳೆಯತ್ತ ಬ್ಯಾಟರಿ ಬಿಟ್ಟು ಹುಡುಕಿದ್ದನ್ನು ಬೆನೀತಾ ಈಗಲೂ ನೆನೆಯುತ್ತಾರೆ. “ನಮ್ಮಮ್ಮ ಹೇಳ್ಕೊಟ್ಟ ಮಾತುಗಳು ಅವು. ಅದೇ ಮಾತಲ್ಲಿ ಇಬ್ಬರ ಜೀವ ತೆಗೆದ್ನಲ್ಲ ಅಂತ ಅನ್ನಿಸ್ತು. ದೇವರೇ, ನನ್ನ ನಾಲಿಗೆ ಬೇಕಾದ್ರೆ ತಗೋ ಅಂದೆ.” ಪೊಲೀಸರಿಗೆ ಫೋನು ಮಾಡಲೆಂದು ಅಡ್ಡದಾರಿ ಹಿಡಿದು ಹೋಟೆಲಿನ ಹಿತ್ತಲಿಗೆ ಬಂದರು.

ಹಿತ್ತಲಲ್ಲಿ ರೊಟ್ಟಿ ಸುಡುವ ಮಣ್ಣಿನ ಗೂಡು ಇದೆ, ಆಳೆತ್ತರದ ಗುಮ್ಮಟ. ಅವತ್ತು ಮಧ್ಯಾಹ್ನ ಹಬ್ಬದ ರೊಟ್ಟಿ ಸುಟ್ಟಿದ್ದರು. ಗೂಡಿನ ಬದಿಯಲ್ಲಿ ಹಿಮ ಕವಿದ ಒಂದು ಗುಡ್ಡೆ. ಸೌದೆಯ ಮೇಲಿನ ತಾಡಪಾಲು ಇರಬೇಕೆಂದು ಬೆನೀತಾ ಅದನ್ನು ದಾಟಿ ಹೋಗುತ್ತಿದ್ದರು.

“ಏನ್ರೀ ತಾಯಿ, ಬೈದು ಮುಗೀತಾ?” ಎಂದಿತು ಗುಡ್ಡೆ.

ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದು ಬೆಚ್ಚಗಿನ ಗೂಡಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಟ್ಟದ ಮೇಲಿನ ಕುರಿ ಸಾಕುವವರ ಹಳ್ಳಿಯ ಓನೊಫ್ರೆ ಮತ್ತು ಲಿಬ್ರಾದಾ. ಇಬ್ಬರಿಗೂ ಎಪ್ಪತ್ತು ದಾಟಿದೆ. ಊರ ಹೊರಗೆ ಅವರ ಪಿಕಪ್ ಗಾಡಿ ಹಳ್ಳಕ್ಕೆ ಜಾರಿತ್ತು. ಮಾತಾಡಿದ್ದು ಲಿಬ್ರಾದಾ. ಬೆನೀತಾ ಹಿಮದಲ್ಲೇ ಕುಸಿದು ಅವರ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತರು.

“ಅಳ್ತೀಯಾಕೆ ಮಗಳೇ? ನಮ್ಮ ಹಳ್ಳೀಲೂ ಇದೇ ಪದ್ಧತಿ. ಮುಂಬಾಗಿಲಲ್ಲಿ ಬೈದೋರು ಹಿಂಬಾಗಿಲಲ್ಲಿ ಕರೆದು ಬಿಸಿ ಅಂಬಲಿ ಕೊಡ್ತಾರೆ. ಹಬ್ಬದ ದಿನ, ನಮ್ಮನ್ನೂ ಆಟಕ್ಕೆ ಸೇರಿಸ್ಕೊಂಡ್ರು ಅಂತ ಇವ್ರಿಗೆ ಖುಷಿಯೋ ಖುಷಿ. ಅದಕ್ಕೇ ಚೌಕ ಸುತ್ಕೊಂಡು ಹಿತ್ತಲಿಗೆ ಬಂದ್ವಿ. ಅಡುಗೆಮನೆ ಬಾಗಿಲು ಬಡಿದೂ ಬಡಿದೂ ಸಾಕಾಯ್ತು.”

ಅಡುಗೆಮನೆಯಲ್ಲಿ ಯಾರಿರಬೇಕಿತ್ತು? ಸೌಟು ಹಿಡಿದುಕೊಂಡು ಸೇತುವೆಯ ಮೇಲೆ ನಿಂತಿದ್ದ ಇಗ್ನಾಸೀತಾ.

ಓನೊಫ್ರೆಯ ಎರಡು ಕಾಲ್ಬೆರಳು ಬಿಳಿಚಿದ್ದವು. ಡಾಕ್ಟರು ಬಂದು ನೋಡಿ, ಏನೂ ಆಗಿಲ್ಲ, ಬೆರಳು ಉಳಿಯುತ್ತವೆ ಎಂದರು. ಆ ಮಾತು ಕೇಳಿದ ಮೇಲೆ ಬೆನೀತಾ ಒಂದು ಬಟ್ಟಲು ಮೆಣಸಿನ ಸಾರು ಕುಡಿದು, ಅವರಿಗೆ ಕೊಟ್ಟ ಏಳನೇ ಕೋಣೆಯ ಅಗ್ಗಿಷ್ಟಿಕೆಯ ಮುಂದೆ ಕೂತಲ್ಲೇ ನಿದ್ದೆ ಹೋದರು. ಬೆಂಕಿ ಆರದಂತೆ ಸೌದೆ ಹಾಕಿದ್ದು ಮುದುಕ ಓನೊಫ್ರೆ.

ಮಾರನೆಯ ಸಂಜೆ ಬಾಗಿಲ ಹಿಂದೆ ನಿಲ್ಲುವುದಿಲ್ಲ ಎಂದರು ಬೆನೀತಾ. ಪಾದ್ರಿಗಳು ಹೇಳಿದರು, ಎಲ್ಫೇಗೊ ಹೇಳಿದರು, ಕೇಳಲಿಲ್ಲ. ಕೊನೆಗೆ ಮ್ಯಾನೇಜರ್ ದೆಲ್ಫೀನಾ ನಿಂತಳು. ಹೊರಗಿನವರು ಹಾಡಿ ಬೇಡಿದರೆ, “ಕ್ಷಮಿಸಿ, ಕೋಣೆ ಖಾಲಿ ಇಲ್ಲ. ಮುಂಗಡ ಬುಕಿಂಗ್ ಮಾಡಿದ್ದೀರಾ?” ಎಂದಳು. ಜೋಸೆಫನಿಗೆ ಏನು ಹೇಳಬೇಕೋ ತಿಳಿಯದೆ, “ಇಲ್ಲ ಮೇಡಂ” ಎಂದುಬಿಟ್ಟ. ಊರಿಗೆ ಊರೇ ಬೇಜಾರಾಗಿ ಮನೆಗೆ ಹೋಯಿತು.

ರಸ್ತೆಯ ಹಿಮ ತೆರವಾಗುವವರೆಗೆ ಏಳನೇ ಕೋಣೆಯಲ್ಲೇ ಉಳಿದಿದ್ದ ಲಿಬ್ರಾದಾಗೆ ಇದು ಸರಿ ಬರಲಿಲ್ಲ. ಅದರ ಮರುದಿನ ಸಂಜೆ ಮುಂಬಾಗಿಲ ಪಕ್ಕದ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. “ನಾನು ಹೊರಗೆ ಯಾರಿದ್ದಾರೆ ಅಂತ ನೋಡಿ ಹೇಳ್ತೀನಿ, ನೀನು ಬೈ” ಎಂದರು. ಬೆನೀತಾ ಕದಲಲಿಲ್ಲ. “ಬೈಯ್ಯೇ! ನನ್ನನ್ನ ಅಷ್ಟು ಚೆಂದ ಬೈದೋಳು, ಆ ಮೊಳೆ ಅಂಗಡಿಯವನನ್ನ ಬೈಯ್ಯೋಕಾಗಲ್ವಾ? ನಾನೇನು ಅವನಿಗಿಂತ ಕಡೆನಾ?” ಎಂದು ಊರುಗೋಲು ಕುಟ್ಟಿದರು. ಬೆನೀತಾಗೆ ಮೊದಲು ಅಳು ಬಂತು, ಅದರ ಹಿಂದೆಯೇ ನಗು. ಆಮೇಲೆ ಬಾಯಿ ಬಂತು.

ಅಂದಿನಿಂದ ಹೊಸ ಪದ್ಧತಿ. ಮೊದಲು ಕಿಟಕಿಯಿಂದ ಒಬ್ಬೊಬ್ಬರ ಮುಖ ನೋಡುವುದು, ಆಮೇಲೆ ಬೈಯುವುದು. ಈ ವರ್ಷದ ಮೆರವಣಿಗೆ ನಾಳೆ ಸಂಜೆ ಶುರು. ಲಿಬ್ರಾದಾ ಮತ್ತು ಓನೊಫ್ರೆ ಇವತ್ತೇ ಬರುತ್ತಾರೆ, ಒಂಬತ್ತು ದಿನಕ್ಕೆ. ಕಿಟಕಿಯ ಕೆಲಸಕ್ಕೆ ಬೇರೆ ಯಾರನ್ನೂ ಇಡಬಾರದೆಂದು ಲಿಬ್ರಾದಾ ಬೇಸಿಗೆಯಲ್ಲೇ ಹೇಳಿ ಕಳಿಸಿದ್ದಾರೆ.

ಏಳನೇ ಕೋಣೆಯ ಹಾಸಿಗೆ ಹಾಸಿ ಆಗಿದೆ, ಸೌದೆ ನಿಲ್ಲಿಸಿ ಆಗಿದೆ. ಊಟವಾದಾಗಿನಿಂದ ಬೆನೀತಾ ಮುಂಬಾಗಿಲ ಎರಡೂ ಕದ ತೆರೆದಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದಾರೆ. ಒಳಗೆಲ್ಲ ಚಳಿಗಾಳಿ. ದೆಲ್ಫೀನಾ ಆಫೀಸಿನಿಂದ ಕೂಗುತ್ತಾಳೆ:

“ಅತ್ತೆ, ಬಾಗಿಲು ಹಾಕಿ! ಒಳಗಿನ ಬಿಸಿಯೆಲ್ಲ ಹೊರಗೆ ಹೋಗ್ತಿದೆ. ಬಂದಾಗ ಬಡೀತಾರೆ, ತೆಗೆದರಾಯ್ತು.”

ಬೆನೀತಾ ರಸ್ತೆಯ ಮೇಲಿನ ಕಣ್ಣು ತೆಗೆಯುವುದಿಲ್ಲ.

“ಹೋದ್ರೆ ಹೋಗ್ಲಿ, ಮತ್ತೆ ಬೆಂಕಿ ಹಾಕ್ತೀನಿ” ಎನ್ನುತ್ತಾರೆ. “ಅವರು ಈ ಬಾಗಿಲು ಬಡೀಬಾರದು.”