ಹಾರನ್ನಿಗೆ ತಿರುಗದ ಕೂಸು

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದು ತಲೆಗೆ ಹತ್ತಲಿಲ್ಲ ಎಂದೇನಲ್ಲ. ಹಿರಿಯೂರಿನ ಹೆದ್ದಾರಿ ಬದಿಯ ಒಂದು ಲಾರಿ ಶೆಡ್ಡು ಅದಕ್ಕಿಂತ ಮೊದಲೇ ತಲೆಗೆ ಹತ್ತಿಬಿಟ್ಟಿತ್ತು. ಅಲ್ಲಿ ಹತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿ ಕೆಲಸ ಕಲಿತೆ. ಆಮೇಲೆ ಚಿತ್ರದುರ್ಗಕ್ಕೆ ಬಂದು ಪೂನಾ ರಸ್ತೆಯ ಅಂಚಿನಲ್ಲಿ ನನ್ನದೇ ಶೆಡ್ಡು ಹಾಕಿಕೊಂಡೆ. ಕೈ ಚುರುಕಾದ ಮೇಸ್ತ್ರಿಗಳು ದುರ್ಗದಲ್ಲಿ ಬೇಕಾದಷ್ಟು ಜನ ಇದ್ದರು. ನನಗೆ ಹೆಸರು ಬಂದದ್ದು ಕಿವಿಯಿಂದ. ಓಡುತ್ತಿರುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಅದರ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಹಿಡಿದರೆ ಒಳಗಿನ ರೋಗವೆಲ್ಲ ಕೇಳುತ್ತದೆ. ಬೇರಿಂಗ್ ಸವೆದಿದೆಯೋ, ಪಿಸ್ಟನ್ ಸಡಿಲಾಗಿದೆಯೋ, ಬಿಚ್ಚದೆಯೇ ಹೇಳುತ್ತಿದ್ದೆ. ಬಿಚ್ಚಿ ನೋಡಿ ಸುಳ್ಳು ಎಂದವರು ಯಾರೂ ನನಗೆ ನೆನಪಿಲ್ಲ.

ಶೆಡ್ಡಿನ ಬೆನ್ನಿಗೇ ಒಂದು ಕೋಣೆ. ಮದುವೆಯಾದ ಮೇಲೆ ಸಂಸಾರ ಅಲ್ಲೇ. ನಮ್ಮ ಎದುರಿಗೆ ರಸ್ತೆ ಏರು. ಲೋಡು ತುಂಬಿದ ಲಾರಿಗಳು ಅಲ್ಲಿಗೆ ಬಂದು ಗೇರು ಇಳಿಸಿ, ಕಪ್ಪು ಹೊಗೆ ಕಾರುತ್ತ, ನರಳುತ್ತ ಹತ್ತುತ್ತಿದ್ದವು. ಇಳಿಯುವವು ಹಾರನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಒಗೆದು ಒಣಹಾಕಿದ ಬಿಳಿ ಪಂಚೆ ಸಂಜೆಗೆ ಬೂದಿ ಬಣ್ಣ. ಬೆಳಿಗ್ಗೆ ಮೂಗು ಸೀನಿದರೆ ಮಸಿ. ನನ್ನ ಹೆಂಡತಿ ಹೊಸದುರ್ಗದ ಹತ್ತಿರದ ಬಾಗೂರಿನವಳು, ತೆಂಗಿನ ನೆರಳಲ್ಲಿ ಬೆಳೆದವಳು.

"ತಲೆ ಸಿಡಿತೈತ್ರಿ. ಒಂದ್ ಗಳಿಗೆ ಸದ್ದು ನಿಲ್ಲಾದಿಲ್ವಲ್ಲ," ಎನ್ನುತ್ತಿದ್ದಳು.

"ಸದ್ದು ನಿಂತ್ರೆ ಒಲೆನೂ ನಿಲ್ತೈತೆ," ಎನ್ನುತ್ತಿದ್ದೆ ನಾನು. ಆ ಮಸಿ ನನ್ನ ಕಣ್ಣಿಗೆ ಅನ್ನದ ಬಣ್ಣವಾಗಿತ್ತು. ಅದನ್ನು ಯಾರಾದರೂ ಬೈದರೆ ನನ್ನನ್ನೇ ಬೈದಂತೆ ಆಗುತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದ ವರ್ಷ ನಮಗೆ ಮಗಳು ಹುಟ್ಟಿದಳು. ಮೂರು ತಿಂಗಳು ಬಾಗೂರಿನಲ್ಲಿದ್ದು ದುರ್ಗಕ್ಕೆ ಬಂದಾಗ ಮೊದಮೊದಲು ಪ್ರತಿ ಹಾರನ್ನಿಗೂ ಬೆಚ್ಚಿ ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ಗೋಡೆಯಾಚೆ ಎಂಜಿನ್ ಗರ್ಜಿಸುತ್ತಿದ್ದರೂ ಕೂಸು ತೊಟ್ಟಿಲಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ಬಂದ ಡ್ರೈವರುಗಳನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದೆ: "ನೋಡ್ರಿ, ಮೇಸ್ತ್ರಿ ಮಗಳು ಅಂದ್ರೆ ಹಿಂಗಿರಬೇಕು!"

ವರ್ಷ ತುಂಬುವ ಹೊತ್ತಿಗೆ ಹೆಂಡತಿಯ ಮುಖ ಬಾಡತೊಡಗಿತು. ಕರೆದರೆ ಕೂಸು ತಿರುಗುತ್ತಿರಲಿಲ್ಲ. ಎದುರು ನಿಂತು ಕೈ ಚಾಚಿದರೆ ನಗುತ್ತಿತ್ತು, ಬೆನ್ನ ಹಿಂದಿನಿಂದ ಎಷ್ಟು ಕೂಗಿದರೂ ತನ್ನ ಪಾಡಿಗೆ ನಟ್ಟು ಬೋಲ್ಟು ಉರುಳಿಸುತ್ತ ಕೂತಿರುತ್ತಿತ್ತು. ಅದೇ ವಯಸ್ಸಿನ ಪಕ್ಕದ ಮನೆಯ ಮಗು "ಅವ್ವ, ತಾತ" ಎನ್ನುತ್ತಿತ್ತು. ನಮ್ಮದರ ಬಾಯಲ್ಲಿ ಒಂದಕ್ಷರ ಇಲ್ಲ.

ಒಂದು ದಿನ ಮಧ್ಯಾಹ್ನ ಹೊಳಲ್ಕೆರೆಯ ಡ್ರೈವರ್ ಬಂದಿದ್ದ. ತೆಂಗಿನಕಾಯಿ ಲೋಡು ಹೊಡೆಯುವವನು, ನನಗಿಂತ ಹಿರಿಯ, ನನಗೆ ಅಣ್ಣನ ಹಾಗೆ. ಹೆಂಡತಿ ತಡೆಯಲಾರದೆ ಅವನ ಮುಂದೆ ಕಣ್ಣೀರು ಹಾಕಿಬಿಟ್ಟಳು.

"ಅದಕ್ಯಾಕಮ್ಮ ಅಳ್ತೀಯ? ಈಗ್ಲೇ ನೋಡಾಣ," ಎಂದ ಅವನು. "ಲೇ ಮೇಸ್ತ್ರಿ, ಕೂಸನ್ನ ಆ ಕಡೆ ಮುಖ ಮಾಡಿ ಕೂರ್ಸು. ನಾನು ಹಿಂದಿಂದ ಹಾರನ್ ಹೊಡಿತೀನಿ. ತಿರುಗಿದ್ರೆ ಕಿವಿ ಐತೆ ಅಂತ."

ನನಗೂ ಅದು ಸರಿ ಎನಿಸಿತು. ನಮ್ಮ ಲೋಕದಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ. ಶೆಡ್ಡಿನ ಮುಂದೆ ಗೋಣಿಚೀಲ ಹಾಸಿ ಮಗಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಪಕ್ಕದಲ್ಲೇ ಶೆಡ್ಡಿನ ನಾಯಿ ಮಲಗಿತ್ತು. ಅವನು ಲಾರಿ ಹತ್ತಿ ಹಾರನ್ ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಕೂಸು ನಟ್ಟು ಉರುಳಿಸುತ್ತಲೇ ಇತ್ತು. ರೆಪ್ಪೆ ಕೂಡ ಅಲುಗಲಿಲ್ಲ. ನಾಯಿಯೂ ತಲೆ ಎತ್ತಲಿಲ್ಲ. ನಾಯಿ ತಲೆ ಎತ್ತದ್ದನ್ನು ನಾವು ಮೂವರೂ ನೋಡಿದೆವು, ಆದರೆ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಡ್ರೈವರ್ ಇಳಿದು ಬಂದ. ನನ್ನ ಮುಖ ನೋಡಲಿಲ್ಲ. ಚಹಾ ಕುಡಿಯದೆ ಹೊರಟುಹೋದ.

ಆಮೇಲಿನ ದಿನಗಳನ್ನು ನಾನು ಮರೆಯಲಾರೆ. ಕಿವಿಯಿಂದ ಹೆಸರು ಮಾಡಿದವನ ಮಗಳಿಗೆ ಕಿವಿ ಇಲ್ಲ. ಕಿವಿ ಇಲ್ಲದಿದ್ದರೆ ಮಾತೂ ಇಲ್ಲ. ಸ್ಕ್ರೂಡ್ರೈವರನ್ನು ಕಿವಿಗೆ ಇಟ್ಟುಕೊಂಡಾಗಲೆಲ್ಲ ಕಳ್ಳತನ ಮಾಡಿದವನ ಹಾಗೆ ಅನಿಸುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ಅಂದರೆ, ನಾಳೆ, ನಾಡಿದ್ದು ಎನ್ನುತ್ತಿದ್ದೆ. ಅವರು "ಹೌದು" ಎಂದುಬಿಟ್ಟರೆ? ಬಿಚ್ಚದ ಎಂಜಿನ್ನಿನಲ್ಲಿ ಆಸೆ ಇರುತ್ತದೆ. ಅದರ ಮೇಲೆ ಕೂಸಿಗೆ ಕೆಮ್ಮು ಬೇರೆ ಜೋರಾಯಿತು. ಉಸಿರೆಳೆದರೆ ಎದೆಯೊಳಗೆ ಗಾಳಿ ಸೋರುವ ಬ್ರೇಕ್ ಪೈಪಿನ ಹಾಗೆ ಗುಂಯ್ ಎನ್ನುತ್ತಿತ್ತು.

"ನಮ್ಮವ್ವನ ಹತ್ರ ಎಂಟು ದಿನ ಇದ್ದು ಬರ್ತೀನಿ. ಇಲ್ಲಿದ್ರೆ ಕೂಸು ಉಳಿಯಲ್ಲ," ಎಂದಳು ಹೆಂಡತಿ. ಹೊಳಲ್ಕೆರೆ, ಹೊಸದುರ್ಗದ ಮೇಲೆ ಬಸ್ಸು ಬದಲಿಸುತ್ತ ಬಾಗೂರಿಗೆ ಬಿಟ್ಟು ಬಂದೆ.

ಎಂಟನೇ ದಿನ ಕರೆತರಲು ಹೋದಾಗ ಅತ್ತೆ ಜಗುಲಿಯಲ್ಲಿ ರಾಗಿ ಕೇರುತ್ತ ಕೂತಿದ್ದರು. "ಬರ್ರಿ, ಕುಂತ್ಕಳ್ರಿ," ಎಂದು ನೀರು ಕೊಟ್ಟರು. ಮಗಳು ನನ್ನ ಮುಂದೆ ತೆಂಗಿನ ಚಿಪ್ಪು ಹಿಡಿದು ಆಡುತ್ತಿದ್ದಳು. ಮೂಗು ಒಣಗಿತ್ತು, ಎದೆಯ ಗುಂಯ್ ಇಳಿದಿತ್ತು. ನೋಡುತ್ತಿದ್ದ ಹಾಗೆ ಅವಳು ಚಿಪ್ಪು ಬಿಟ್ಟು ತಟ್ಟನೆ ಹಿಂದಕ್ಕೆ ತಿರುಗಿ, ಮೂಲೆಯಲ್ಲಿ ಕವುಚಿ ಹಾಕಿದ್ದ ಬಿದಿರು ಬುಟ್ಟಿಯ ಕಡೆಗೆ ಸರಸರನೆ ತೆವಳಿದಳು.

"ಏನ್ ಕಂಡ್ಳೋ!" ಎಂದೆ.

ಅತ್ತೆ ಮೊರ ನಿಲ್ಲಿಸಿದರು. "ಕಾಣಾದೇನಪ್ಪ? ಬುಟ್ಟಿ ಅಡಿ ಕೋಳಿಮರಿ ಅವೆ. ಚಿಂವ್ ಚಿಂವ್ ಅಂದ್ವಲ್ಲ, ಅದನ್ನ ಕೇಳಿ ಹೋದ್ಳು. ನಾಕು ದಿನದಿಂದ ಇದೇ ಆಟ."

ನಾನು ನೀರಿನ ಚೊಂಬು ಕೆಳಗಿಟ್ಟೆ. "ಕೇಳಿ ಹೋದ್ಳಾ?"

"ಮತ್ತೆ? ನಿಮಗೆ ಕೇಳಿಸ್ಲಿಲ್ವಾ?"

ನನಗೆ ಏನೂ ಕೇಳಿರಲಿಲ್ಲ. "ಕೇಳಿಸ್ತು, ಕೇಳಿಸ್ತು," ಎಂದೆ.

ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು ಬಾಗಿಲ ಹಿಂದೆ ನಿಂತಿದ್ದಳು. ನನಗೆ ಸುಮ್ಮನಿರಲು ಸನ್ನೆ ಮಾಡಿ, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಕೂಸನ್ನು ಕರೆದಳು. ಕೂಸು ಬುಟ್ಟಿ ಬಿಟ್ಟು ಹೊರಳಿ ನೋಡಿತು. ಅವಳನ್ನು ಕಂಡು ನಕ್ಕಿತು. ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ನಿಮಗೆ ಕಾಗದ ಬರೀಬೇಕು ಅಂತಿದ್ದೆ. ಆಮ್ಯಾಲೆ, ಬಂದು ಕಣ್ಣಾರೆ ನೋಡ್ಲಿ ಅಂತ ಬಿಟ್ಟೆ," ಎಂದಳು.

ನಾನು ಎದ್ದು ಹಿತ್ತಲಿಗೆ ಹೋದೆ. ಗಂಡಸು ಅತ್ತೆಯ ಮುಂದೆ ಅಳಬಾರದು. ತೆಂಗಿನ ಮರಕ್ಕೆ ಒರಗಿ ನಿಂತಾಗ ನಮ್ಮ ಶೆಡ್ಡಿನ ನಾಯಿ ನೆನಪಿಗೆ ಬಂತು. ಅದು ಹಾರನ್ನಿಗೆ ತಲೆ ಎತ್ತಿರಲಿಲ್ಲ. ಅದರ ಕಿವಿ ಎಷ್ಟು ಚುರುಕು ಎಂಬುದು ನನಗೆ ಗೊತ್ತು, ಒಳಗೆ ತಟ್ಟೆ ಮುಟ್ಟಿದರೆ ಓಡಿ ಬರುತ್ತಿತ್ತು. ದಿನವೂ ಕೇಳಿ ಕೇಳಿ ಹಾರನ್ ಅದಕ್ಕೆ ಸದ್ದೇ ಆಗಿರಲಿಲ್ಲ. ನಮ್ಮ ಕೂಸಿಗೂ ಅಷ್ಟೇ. ಊರಿನ ಬೇರೆ ಯಾವ ಮಗುವಾದರೂ ಕಿರುಚಿ ಅಳುತ್ತಿದ್ದ ಸದ್ದಿನಿಂದ ನಾವು ಅವಳನ್ನು ಪರೀಕ್ಷೆ ಮಾಡಿದ್ದೆವು.

ಧೈರ್ಯ ಬಂದ ಮೇಲೆ ದುರ್ಗದಲ್ಲಿ ಡಾಕ್ಟರಿಗೆ ತೋರಿಸಿದೆವು. ವಯಸ್ಸಾದವರು, ಸಮಾಧಾನಿ. ಮಗಳನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಬೆನ್ನ ಹಿಂದೆ ಕಾಗದ ಮಡಿಚಿದರು, ತಿರುಗಿದಳು. ಕೈಗಡಿಯಾರ ಬಿಚ್ಚಿ ಕಿವಿಯ ಹತ್ತಿರ ತಂದರು, ಹಿಡಿಯಲು ಕೈ ಚಾಚಿದಳು.

"ಕಿವಿ ಚೆನ್ನಾಗಿದೆ," ಎಂದರು. "ದಿನವೆಲ್ಲ ಗದ್ದಲದಲ್ಲೇ ಬೆಳೆದ ಮಗು. ಯಾವ ಸದ್ದು ತನಗೆ, ಯಾವುದು ರಸ್ತೆಗೆ ಅಂತ ಹೇಗೆ ಗೊತ್ತಾಗಬೇಕು? ಎಲ್ಲವನ್ನೂ ಬಿಟ್ಟುಬಿಟ್ಟಿದೆ. ಹೊಗೆಗೆ ಮೂಗು ಕಟ್ಟಿ ಕಿವಿ ಒಂದಿಷ್ಟು ಮಂದ ಆಗಿತ್ತೇನೋ. ಮಾತು ಬರುತ್ತೆ. ಆದರೆ ಅದೇ ಕೋಣೆಯಲ್ಲಿಟ್ಟರೆ ಎದೆ ಮತ್ತೆ ಕಟ್ಟುತ್ತೆ. ಮನೆ ಬದಲಾಯಿಸಿ."

ಆಮೇಲೆ, ಅದೇನು ಕಂಡಿತೋ, ಗಡಿಯಾರವನ್ನು ನನ್ನ ಕಿವಿಯ ಹತ್ತಿರ ಹಿಡಿದರು. "ಕೇಳುತ್ತಾ?"

ನಾನು ಗಮನವಿಟ್ಟು ಕೇಳಿದೆ. ಯಂತ್ರದ ವಿಷಯ, ಸುಳ್ಳು ಹೇಳುವ ಹಾಗಿಲ್ಲ. "ಸಾರ್, ಕೀ ಕೊಟ್ಟಿಲ್ಲ ನೀವು. ವಾಚು ನಿಂತೈತೆ."

ಅವರು ಗಡಿಯಾರವನ್ನು ನನ್ನ ಹೆಂಡತಿಗೆ ಕೊಟ್ಟರು. ಅವಳು ಕಿವಿಗಿಟ್ಟುಕೊಂಡು ನನ್ನ ಮುಖ ನೋಡಿದಳು. "ಓಡ್ತಾ ಐತಲ್ರಿ," ಎಂದಳು.

ದೊಡ್ಡ ಸದ್ದುಗಳೆಲ್ಲ ನನಗೆ ಇನ್ನೂ ಉಳಿದಿದ್ದವು. ಸಣ್ಣವು ಯಾವಾಗಲೋ ಹೋಗಿದ್ದವು, ಹೇಳದೆ ಕೇಳದೆ. ಕೋಳಿಮರಿಯನ್ನು ಅಂದು ಯಾಕೆ ಕೇಳಲಿಲ್ಲ ಎಂಬುದು ಈಗ ಅರ್ಥವಾಯಿತು. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ, ಕೆಲಸದ ಹೊತ್ತಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರು ಡಾಕ್ಟರು. ಬೇರೆ ದಿನವಾಗಿದ್ದರೆ ನನಗೆ ನೆಲ ಕುಸಿದಂತೆ ಆಗುತ್ತಿತ್ತು. ಅವತ್ತು ಎದೆಯ ಮೇಲಿನ ಬಂಡೆ ಇಳಿಸಿಟ್ಟು ಬಂದವನಿಗೆ ಇದೊಂದು ಕಲ್ಲು ಭಾರವೆನಿಸಲಿಲ್ಲ. ಮನೆಯಲ್ಲಿ ಒಬ್ಬರ ಕಿವಿ ಹೋಗಲೇಬೇಕಿದ್ದರೆ ನನ್ನದೇ ಹೋಗಲಿ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು: "ಅದಕ್ಕೇನಾ ನಾನು ಏನ್ ಹೇಳಿದ್ರೂ ಕೇಳ್ದಂಗೆ ಇರ್ತಿದ್ರಿ? ಜಂಬ ಅನ್ಕಂಡಿದ್ದೆ ನಾನು."

"ಅದೂ ಒಂಚೂರಿತ್ತು," ಎಂದೆ.

ಜೋಗಿಮಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿ, ಲಾರಿಯ ಸುಳಿವಿಲ್ಲದ ಓಣಿಯ ಕೊನೆಗೆ ಒಂದು ಮನೆ ಹಿಡಿದೆವು. ಬೆಟ್ಟದ ಕಡೆಯಿಂದ ಗಾಳಿ ಬರುತ್ತಿತ್ತು. ಹೆಂಡತಿ ತಲೆನೋವಿನ ಮಾತು ಮರೆತಳು. ಅಂಗಳದಲ್ಲಿ ಒಣಹಾಕಿದ ಪಂಚೆ ಬಿಳಿಯಾಗಿಯೇ ಒಳಗೆ ಬಂತು. ಮಗಳ ಕೆಮ್ಮು ನಿಂತು, ಎರಡು ತಿಂಗಳಿಗೆ "ಅವ್ವ" ಬಂತು, ಅದರ ಹಿಂದೆಯೇ "ಕೋಕೋ". "ಅಪ್ಪ" ಮೂರನೆಯದು. ಕೋಳಿಯ ಆಮೇಲೆ ನಾನು.

ಶೆಡ್ಡಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಹೊಳಲ್ಕೆರೆಯ ಡ್ರೈವರ್ ಬಹಳ ದಿನ ನಮ್ಮ ಕಡೆ ಸುಳಿದಿರಲಿಲ್ಲ. ಬಂದವನು ನನ್ನ ಕಿವಿಯ ಹತ್ತಿ ನೋಡಿ ಬಾಯ್ತೆರೆದ.

"ಏನಪ್ಪ ಮೇಸ್ತ್ರಿ, ಯಾವಾಗ ಹೆತ್ತೆ? ಬಾಣಂತಿ ಥರ ಹತ್ತಿ ಇಟ್ಕಂಡಿದೀಯ!"

ಮಗಳ ವಿಷಯ ಹೇಳಿದೆ. ಅವನು ಟೈರಿನ ಮೇಲೆ ಕುಸಿದು ಕೂತು, ಹೆಗಲ ಟವಲ್ಲಿನಿಂದ ಮುಖವೆಲ್ಲ ಒರೆಸಿಕೊಂಡ.

"ಆ ಹಾರನ್ ಒತ್ತಿದ್ದು ನಾನಲ್ವಾ, ಅವತ್ತಿಂದ ಅನ್ನ ಇಳೀತಿರ್ಲಿಲ್ಲ ಕಣಲೇ. ಹಂಗಾರೆ ಕೆಟ್ಟಿದ್ದು ಕೂಸಿನ ಕಿವಿ ಅಲ್ಲ, ನಮ್ಮಿಬ್ಬರ ತಲೆ," ಎಂದು ಲಾರಿಯಿಂದ ಒಂದು ಚೀಲ ತೆಂಗಿನಕಾಯಿ ಇಳಿಸಿದ.

ಕೆಲಸಕ್ಕೇನೂ ಕುಂದು ಬರಲಿಲ್ಲ. ಎಂಜಿನ್ನಿನ ಮೇಲೆ ಬೆರಳ ತುದಿ ಇಟ್ಟು ನಡುಕ ಓದುವುದನ್ನು ಹೊಸದಾಗಿ ಕಲಿತೆ. ಓದು ಬಿಟ್ಟವನಿಗೂ ಕಲಿಯುವುದು ಬಿಡಲಾಗುವುದಿಲ್ಲ.

ಒಂದು ಸಂಜೆ ಹೆಂಡತಿ ಅಂದಳು: "ನಿಮ್ ಸೈಕಲ್ ಓಣಿ ತಿರುವಿನಾಗೆ ಕಿರ್ ಅಂದ್ರೆ ಸಾಕು, ಕೂಸು ಎಲ್ಲಿದ್ರೂ ಎದ್ದು ಬಾಗಿಲಿಗೆ ಬರ್ತಾಳೆ."

"ನನ್ನ ಸೈಕಲ್ ಕಿರ್ ಅನ್ನಲ್ಲ," ಎಂದೆ. ಮೇಸ್ತ್ರಿಯ ಸೈಕಲ್ ಅದು.

"ಅರ್ಧ ದುರ್ಗಕ್ಕೆ ಕೇಳ್ತೈತ್ರಿ!"

ಎಣ್ಣೆ ಡಬ್ಬಿ ತಂದು ಚೈನಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮಗಳು ಬಂದು ನನ್ನ ಹೆಗಲು ಹಿಡಿದು ನಿಂತಳು. ಡಬ್ಬಿಯನ್ನು ಹಾಗೆಯೇ ಗೂಡಿನಲ್ಲಿ ಎತ್ತಿಟ್ಟೆ. ಮೇಸ್ತ್ರಿಯ ಸೈಕಲ್ಲಿಗೇ ಎಣ್ಣೆಯಿಲ್ಲ ಎಂದು ಓಣಿಯವರು ನಕ್ಕರು. ನಗಲಿ.

ಎರಡು ವರ್ಷ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಚೈನು ತುಕ್ಕು ಹಿಡಿದು ತುಂಡಾಯಿತು. ಹೊಸದು ಹಾಕಿಸಿ ಮನೆಗೆ ಬಂದರೆ ಬಾಗಿಲು ಮುಚ್ಚಿತ್ತು. ಚಿಲಕ ಬಡಿದೆ. ಮಗಳು ಬಾಗಿಲು ತೆಗೆದು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಗದರಿದಳು.

"ಅಪ್ಪಾ, ನೀ ಬಂದಿದ್ದು ಕೇಳ್ಲೇ ಇಲ್ಲ!"

ಹಿಂದೆ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ನಾವಿಬ್ಬರೂ ಯಾಕೆ ನಗುತ್ತಿದ್ದೇವೆ ಎಂದು ತಿಳಿಯದೆ ಅವಳು ಇನ್ನಷ್ಟು ಸಿಟ್ಟಾಗಿ, ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದಳು.