ಬಚ್ಚಲಗೂಡಿನ ಮೀನೆಣ್ಣೆ

ಮೊನ್ನೆ ಮೊಮ್ಮಗಳು ಮೀನೆಣ್ಣೆಯ ಗುಳಿಗೆಯನ್ನು ನುಂಗುವ ಬದಲು ಕಚ್ಚಿಬಿಟ್ಟಳು. ಅದರ ಜಿಡ್ಡು ವಾಸನೆ ಮನೆಯೆಲ್ಲ ಹರಡಿತು. ಅವಳು ಥೂ ಥೂ ಎನ್ನುತ್ತಾ ಬಾಯಿ ತೊಳೆಯಲು ಓಡಿದಳು, ಅವಳಮ್ಮ ಕಿಟಕಿ ತೆಗೆದಳು. ನಾನು ಮಾತ್ರ ಕೂತಲ್ಲಿಂದ ಏಳಲಿಲ್ಲ. ಚೆಟ್ಟಳ್ಳಿಯ ಕಡೆಯ ಒಂದು ಬಚ್ಚಲಮನೆಯ ಹೊರಗೋಡೆ, ಅದರ ಗೂಡಿನಲ್ಲಿ ಕಂದು ಬಣ್ಣದ ಬಾಟಲಿ, ಅದರ ಮುಂದೆ ಹಕ್ಕಿಮರಿಗಳ ಹಾಗೆ ಬಾಯಿ ತೆರೆದು ಸಾಲಾಗಿ ನಿಂತ ನಾವು, ನಮ್ಮ ನಡುವೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ ನಿಂಗಿ, ಎಲ್ಲವೂ ಒಟ್ಟಿಗೇ ಎದುರು ಬಂದವು. ಇಷ್ಟು ವಯಸ್ಸಾದ ಮೇಲೆ ಒಳ್ಳೆಯದನ್ನಷ್ಟೇ ನೆನೆಸಿಕೊಂಡು ಹಾಯಾಗಿರೋಣ ಎಂದುಕೊಳ್ಳುತ್ತೇನೆ. ಮೂಗು ಕೇಳಬೇಕಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆ ಕಡೆಯ ಮೇಷ್ಟ್ರುಗಳು ನಮ್ಮ ಕಡೆಗೆ ವರ್ಗವಾಗಿ ಬಂದು, ಮೊದಲ ಮಳೆಗಾಲ ಕಂಡು, ವಾಪಸು ವರ್ಗಕ್ಕೆ ಅರ್ಜಿ ಬರೆಯುತ್ತಿದ್ದ ಕಾಲ. ಶಾಮಣ್ಣ ಮೇಷ್ಟ್ರು ಅರ್ಜಿ ಬರೆಯಲಿಲ್ಲ. ನಮ್ಮ ಮನೆ ಇದ್ದದ್ದು ಗುಡ್ಡದ ಆಚೆ, ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಬರುವಂತಿರಲಿಲ್ಲ. ಅಪ್ಪ ನನ್ನನ್ನು ಅವರ ಮನೆಯಲ್ಲೇ ಬಿಟ್ಟರು. "ಇವ್ಳು ನಿಮ್ಮ ಮಗ್ಳೇಂತ ತಿಳ್ಕಣಿ ಮೇಷ್ಟ್ರೇ" ಎಂದು ನಮ್ಮ ಅರೆಭಾಷೆಯಲ್ಲೇ ಹೇಳಿ, ಒಂದು ಮೂಟೆ ಅಕ್ಕಿ ಇಳಿಸಿ ಹೋದರು. ಮೇಷ್ಟ್ರ ಹೆಂಡತಿ ಸಾವಿತ್ರಮ್ಮ ಆ ಮಾತಿಗೆ ಮುಖ ತಿರುಗಿಸಿ ಒಳಗೆ ಹೋದದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು. ಅವರಿಗೊಬ್ಬಳು ಮಗಳಿದ್ದಳಂತೆ. ದಡಾರ ಎದ್ದು, ಅಂದರೆ ಅವರ ಮಾತಿನಲ್ಲಿ ಮೈಮೇಲೆ ಅಮ್ಮ ಬಂದು, ತೀರಿಕೊಂಡಿದ್ದಳು. ಆ ದಿನಗಳಲ್ಲಿ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದ್ದರು, ಅದಕ್ಕೇ ಅಮ್ಮ ಮುನಿದಳು ಎಂದು ಅತ್ತೆ ಹೇಳಿದ್ದು ಸಾವಿತ್ರಮ್ಮನ ಎದೆಯಲ್ಲಿ ಹಾಗೇ ಕೂತಿತ್ತು. ಮಗಳ ಬೆಳ್ಳಿ ಲೋಟವೊಂದು ದೇವರ ಗೂಡಿನಲ್ಲಿತ್ತು. ಅದನ್ನು ನಾವು ಮುಟ್ಟುವಂತಿರಲಿಲ್ಲ.

ಮೇಷ್ಟ್ರಿಗೆ ಪಾಠ ಹೇಳಿದರಷ್ಟೇ ಸಾಲುತ್ತಿರಲಿಲ್ಲ. ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಂದ ಬರುವ ಮಕ್ಕಳ ಉಗುರು ಕತ್ತರಿಸುವುದು, ಕಜ್ಜಿಗೆ ಗಂಧಕದ ಮುಲಾಮು ಹಚ್ಚುವುದು, ಹಸಿದು ಬಂದವರನ್ನು ಮುಖ ನೋಡಿಯೇ ಗುರುತಿಸಿ "ಹೋಗಿ ಅಮ್ಮಾವ್ರ ಹತ್ರ ಏನಾದ್ರೂ ಇಸ್ಕೊಂಡು ಬಾ" ಎಂದು ಮನೆಗೆ ಅಟ್ಟುವುದು. ಅಂಗಡಿ ಕಟ್ಟೆಯವರು ಇವರನ್ನು ಕಂಪೌಂಡರ್ ಮೇಷ್ಟ್ರು ಎಂದು ನಗುತ್ತಿದ್ದರು. ನಿಂಗಿಯ ಕಣ್ಣನ್ನು ಕಂಡುಹಿಡಿದದ್ದೂ ಈ ಕಂಪೌಂಡರ್ ಮೇಷ್ಟ್ರೇ. ನಿಂಗಿ ನನ್ನ ತರಗತಿಯವಳು. ಅವಳ ಅವ್ವ ಕೆಂಪಮ್ಮ ಮೈಸೂರು ಸೀಮೆಯ ಕೋಟೆ ಕಡೆಯಿಂದ, ಆಳುಗಳನ್ನು ಕರೆತರುವ ಮೇಸ್ತ್ರಿಯ ಜೊತೆ ಕಾಫಿ ತೋಟದ ಕೆಲಸಕ್ಕೆ ಬಂದವಳು. ಆಷಾಢದ ಮೋಡಕ್ಕೆ ಹಗಲಲ್ಲೇ ಕತ್ತಲಾಗುತ್ತಿದ್ದ ನಮ್ಮ ಕೋಣೆಯಲ್ಲಿ ನಿಂಗಿಗೆ ಬೋರ್ಡಿನ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹಿಂದಿನ ಮೇಷ್ಟ್ರು ಅವಳನ್ನು ದಡ್ಡಿ ಎಂದು ಮೂಲೆಯಲ್ಲಿ ನಿಲ್ಲಿಸಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಒಂದು ಸಂಜೆ ಶಾಲೆ ಬಿಟ್ಟು ಎಷ್ಟೋ ಹೊತ್ತಾದರೂ ಅವಳು ಜಗಲಿಯಲ್ಲೇ ಕೂತಿದ್ದಳು. ಮನೆಗೆ ಯಾಕೆ ಹೋಗಿಲ್ಲವೆಂದು ಮೇಷ್ಟ್ರು ಕೇಳಿದರು. "ಅವ್ವ ಬತ್ತಾಳೆ ಸಾ. ಹೊತ್ತು ಮುಳುಗಿದ್ ಮ್ಯಾಲೆ ದಾರಿ ಕಾಣಾಕಿಲ್ಲ" ಎಂದಳು. ಮೇಷ್ಟ್ರು ಜೇಬಿನಿಂದ ಬಳಪ ತೆಗೆದು ಅವಳ ಎದುರು ಹಿಡಿದರು. ನನಗೆ ಚೆನ್ನಾಗಿಯೇ ಕಾಣುತ್ತಿದ್ದ ಆ ಬಳಪಕ್ಕಾಗಿ ಅವಳು ಗಾಳಿಯಲ್ಲಿ ಕೈಯಾಡಿಸಿದಳು. ಮೇಷ್ಟ್ರು ಅವಳ ಕೈ ಹಿಡಿದುಕೊಂಡು ಲೈನಿನವರೆಗೆ ಬಿಟ್ಟು ಬಂದರು.

ಇರುಳುಗಣ್ಣು, ತಿನ್ನುವುದರಲ್ಲಿ ಸತ್ವವಿಲ್ಲದೆ ಬರುವುದು, ಮೀನೆಣ್ಣೆ ಕುಡಿಸಿ ಎಂದರು ಮಡಿಕೇರಿಯ ಡಾಕ್ಟರು. ಬಾಟಲಿಯೇನೋ ಬಂತು, ಆದರೆ ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ಅದು! "ನೀವು ಏನಾದ್ರೂ ಮಾಡ್ಕೊಳ್ಳಿ, ಅದು ಹೊಸಿಲು ದಾಟಕೂಡದು" ಎಂದರು ಸಾವಿತ್ರಮ್ಮ. ಹಾಗಾಗಿ ಬಾಟಲಿ ಬಚ್ಚಲಮನೆಯ ಹೊರಗೋಡೆಯ ಗೂಡು ಸೇರಿತು. ನಿಂಗಿಯೊಬ್ಬಳಿಗೇ ಕೊಟ್ಟರೆ ಅವಳಿಗೆ ನಾಚಿಕೆಯಾದೀತೆಂದು ಸಣಕಲರನ್ನೆಲ್ಲ ಮೇಷ್ಟ್ರು ಸಾಲಿನಲ್ಲಿ ನಿಲ್ಲಿಸಿದರು. ಸಣಕಲರ ಪೈಕಿ ನನಗೇ ಮೊದಲ ಸ್ಥಾನ. ಒಂದು ಚಮಚ ಎಣ್ಣೆ, ಮೇಲೊಂದು ಚೂರು ಬೆಲ್ಲ. ಸಾವಿತ್ರಮ್ಮ ಮೂಗಿಗೆ ಸೆರಗು ಹಿಡಿದು ದೂರದಿಂದ ನೋಡುತ್ತಿದ್ದರು. ಮೇಷ್ಟ್ರು ಜ್ವರ ಬಂದು ಮಲಗಿದ ಬೆಳಿಗ್ಗೆ ನಾವು ಎಂದಿನಂತೆ ಗೋಡೆಯ ಹತ್ತಿರ ಹೋಗಿ ನಿಂತೆವು. ಸಾವಿತ್ರಮ್ಮ ಸ್ವಲ್ಪ ಹೊತ್ತು ನಿಂಗಿಯನ್ನೇ ನೋಡಿದರು. ಆಮೇಲೆ ಬಂದು, ಮುಖ ಕಿವಿಚಿಕೊಂಡು ಬಾಟಲಿಯ ಬಿರಡೆ ತೆಗೆದರು. ಅವತ್ತು ತಲೆಗೆ ಸ್ನಾನ ಮಾಡಿ ಒಳಗೆ ಹೋದರು. ಮಾರನೆಯ ದಿನವೂ ಮಾಡಿದರು. ದಿನ ಕಳೆದಂತೆ ಕೈಯಷ್ಟೇ ತೊಳೆಯುತ್ತಿದ್ದರು. ಚಮಚ ಮತ್ತೆ ಮೇಷ್ಟ್ರ ಕೈಗೆ ಹೋಗಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಂಗಿ ನಮ್ಮೆಲ್ಲರಿಗಿಂತ ಜೋರಾಗಿ ಓದುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಸಾವಿತ್ರಮ್ಮನ ಜೊತೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಒಂದು ಮುಸ್ಸಂಜೆ ಸಾವಿತ್ರಮ್ಮ ಲಾಟೀನು ಹಚ್ಚಲು ಎದ್ದರೆ ನಿಂಗಿ ಅವರ ಸೆರಗು ಹಿಡಿದಳು. "ಲಾಟೀನು ಬ್ಯಾಡಿ ಅಮ್ಮಾವ್ರೆ. ಕಾಣ್ತದೆ." ಎಂದವಳೇ ಮೊರದಿಂದ ಒಂದು ಸಣ್ಣ ಕಲ್ಲು ಹೆಕ್ಕಿ ಅವರ ಅಂಗೈಯಲ್ಲಿಟ್ಟಳು. ಸಾವಿತ್ರಮ್ಮ ಆ ಕಲ್ಲನ್ನು ಎಸೆಯಲಿಲ್ಲ. ಒಳಗೆ ಹೋಗಿ ಬೆಳ್ಳಿ ಲೋಟ ತೆಗೆದು, ತೊಳೆದು, ಅವಳಿಗೆ ಅದರಲ್ಲೇ ಹಾಲು ಕೊಟ್ಟರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬೇರೆ ಹೇಳಬೇಕಿಲ್ಲ. ಆದರೆ ಆ ಮನೆ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

ಕಾಫಿ ಹಣ್ಣಾಯಿತು. ಹಣ್ಣು ಕೀಳುವ ಪಿಕಿಂಗ್ ಶುರುವಾದರೆ ಲೈನಿನ ಮಕ್ಕಳಿಗೆ ಶಾಲೆಯಿಲ್ಲ. ನಿಂಗಿಯೂ ಅವ್ವನ ಜೊತೆ ತೋಟಕ್ಕೆ ಹೋದಳು. ಮೇಷ್ಟ್ರು ಬಾಟಲಿ ಹಿಡಿದುಕೊಂಡು ಲೈನಿಗೇ ಹೋಗಿ ಕುಡಿಸಿ ಬರುತ್ತಿದ್ದರು. ಆಮೇಲೆ ಎಣ್ಣೆ ಮುಗಿಯಿತು. ಮಡಿಕೇರಿಯ ಔಷಧಿ ಅಂಗಡಿಯಲ್ಲಿ ಕೇಳಿದಾಗಲೆಲ್ಲ ಮಾಲು ಬಂದಿಲ್ಲ ಎಂದೇ ಉತ್ತರ. ಶಿವರಾತ್ರಿ ಕಳೆದ ಮೇಲೆ ಅಂತೂ ಹೊಸ ಬಾಟಲಿ ಸಿಕ್ಕಿತು. ಮೇಷ್ಟ್ರು ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿಳಿದು ಮನೆಗೆ ಬಂದರೆ, ಅಂಗಳದಲ್ಲಿ ಕೆಂಪಮ್ಮ ನಿಂತಿದ್ದಳು. "ಮಗೀಗೆ ಅಮ್ಮ ಬಂದವ್ಳೆ" ಎಂದಳು. ಬೇವಿನ ಸೊಪ್ಪು ನಮ್ಮ ಮಳೆ ಸೀಮೆಯಲ್ಲಿ ಸಿಗುವುದಿಲ್ಲ, ಮೇಸ್ತ್ರಿ ಕುಶಾಲನಗರದ ಕಡೆಯಿಂದ ತರಿಸಿಕೊಟ್ಟಿದ್ದಾನೆ, ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿಲ್ಲ ಎಂದಳು. ಮೇಷ್ಟ್ರು ಚೀಲ ಇಳಿಸದೆ ಹಾಗೇ ಅವಳ ಜೊತೆ ಹೊರಟರು.

ಸಾವಿತ್ರಮ್ಮ ಅಂಗಳದ ಬಾಗಿಲಿಗೆ ಅಡ್ಡ ಬಂದು ನಿಂತರು. "ಅಮ್ಮ ಬಂದಿರೋ ಮನೆಗೆ ಮೀನೆಣ್ಣೆ ತಗೊಂಡು ಹೋಗ್ತೀರಾ? ಒಂದನ್ನ ಮಣ್ಣು ಮಾಡಿದ್ದು ಸಾಲ್ದಾ?" ಮೇಷ್ಟ್ರು ಹಾಗೆಲ್ಲ ನಂಬುವುದು ತಪ್ಪೆಂದು ಏನೋ ಹೇಳಲು ಹೋದರು. ಸಾವಿತ್ರಮ್ಮ ಅವರ ಕಾಲು ಹಿಡಿದರು. "ಅಮ್ಮ ಇಳಿದು ಮೈಗೆ ನೀರು ಹಾಕೋವರೆಗೆ ತಡೀರಿ. ಆಮೇಲೆ ನಾನೇ ಕುಡಿಸ್ತೀನಿ, ನನ್ನ ಕೈಯಾರೆ." ಹೆಂಡತಿ ಕಾಲು ಹಿಡಿದದ್ದನ್ನು ನೋಡಿ ಮೇಷ್ಟ್ರು ಚೀಲ ಇಳಿಸಿದರು. ದಡಾರ ಕಣ್ಣನ್ನು ತಿನ್ನುತ್ತದೆಂದು, ಅದರಲ್ಲೂ ಇಂಥ ಮಗುವಿನ ಕಣ್ಣನ್ನು ತಿನ್ನುತ್ತದೆಂದು, ಆಗಲೇ ಆ ಎಣ್ಣೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೆಂದು ಅವರಿಗೂ ಗೊತ್ತಿರಲಿಲ್ಲ. ಚೀಲದಿಂದ ಬಾಟಲಿ ತೆಗೆದು ಗೂಡಿನಲ್ಲಿಟ್ಟರು. ಸಾವಿತ್ರಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ನಿಂಗಿಗಾಗಿ ಊಟ ಬಿಟ್ಟು ಕೂತರು.

ಮಗು ಉಳಿಯಿತು. ನೀರು ಹಾಕಿದ ದಿನ ಕೆಂಪಮ್ಮ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಳು. ಸಾವಿತ್ರಮ್ಮ ಸಂಭ್ರಮದಿಂದ ಓಡಿಹೋಗಿ ನಿಂಗಿಯ ಗಲ್ಲ ಹಿಡಿದೆತ್ತಿದರು. ಆ ಎರಡು ಕಣ್ಣುಗಳ ಮೇಲೂ ಬಿಳಿ ಕೂತಿತ್ತು. ಮೇಷ್ಟ್ರು ಅವಳನ್ನು ಹೊತ್ತುಕೊಂಡು ಮೈಸೂರಿನವರೆಗೂ ಹೋಗಿ ಬಂದರು. ಕಣ್ಣು ಮತ್ತೆ ಬರುವುದಿಲ್ಲ ಎಂದಿದ್ದರಂತೆ ಅಲ್ಲಿಯ ಡಾಕ್ಟರು. ಹೆಂಡತಿಯನ್ನು ಮೇಷ್ಟ್ರು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತೇನೋ. ನನಗೆ ಇವತ್ತಿಗೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯುವುದಿಲ್ಲ. ಆ ಮಗುವಿನ ಮೇಲೆ ಅಷ್ಟೊಂದು ಪ್ರೀತಿ ಇಲ್ಲದವರು ಯಾರಾದರೂ ಅವತ್ತು ಆ ಬಾಗಿಲಲ್ಲಿ ಇದ್ದಿದ್ದರೆ ಅವಳ ಕಣ್ಣು ಉಳಿಯುತ್ತಿತ್ತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ದೇವರ ಮೇಲೂ ಮನುಷ್ಯರ ಮೇಲೂ ಬೇಸರ ಬಂದುಬಿಡುತ್ತದೆ.

ಬೇಸಿಗೆ ಮಳೆಗೆ ಮೊದಲೇ ಮೇಸ್ತ್ರಿ ಆಳುಗಳನ್ನು ಊರಿಗೆ ವಾಪಸು ಕರೆದುಕೊಂಡು ಹೋದ. ಮೇಷ್ಟ್ರು ಕೊನೆಗೂ ವರ್ಗಕ್ಕೆ ಅರ್ಜಿ ಬರೆದರು. ಆಮೇಲೆ ಅವರು ಯಾವ ಊರಿನಲ್ಲಿದ್ದರೋ, ನಿಂಗಿ ಬದುಕಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಮನೆಯ ಜಾಗದಲ್ಲಿ ಈಗ ಕಾಫಿ ಒಣಗಿಸುವ ಸಿಮೆಂಟು ಕಣವಿದೆ. ಬಚ್ಚಲಮನೆ ಎಲ್ಲಿತ್ತೆಂದು ನಾನೂ ಬೊಟ್ಟು ಮಾಡಿ ತೋರಿಸಲಾರೆ.

ಹೊರಡುವವರೆಗೂ ಕೆಂಪಮ್ಮ ತೋಟಕ್ಕೆ ಹೋಗುವಾಗ ನಿಂಗಿಯನ್ನು ಮೇಷ್ಟ್ರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ಮೊದಲ ದಿನ ಬೆಳಿಗ್ಗೆ ನಿಂಗಿ ಗೋಡೆ ತಡವುತ್ತಾ ಬಚ್ಚಲಗೂಡಿನವರೆಗೆ ಹೋಗಿ, ಅಲ್ಲೇ ನಿಂತು, ಮುಖವೆತ್ತಿ ಬಾಯಿ ತೆರೆದಳು. ಸಾವಿತ್ರಮ್ಮ ಬಾಟಲಿ ತೆಗೆದು ಚಮಚಕ್ಕೆ ಬಗ್ಗಿಸಿದರು. ಎಣ್ಣೆ ಅವರ ಬೆರಳ ಮೇಲೆಲ್ಲ ಚೆಲ್ಲಿತು. ನಿಂಗಿ ಗುಟುಕರಿಸಿ, ಬೆಲ್ಲಕ್ಕೆ ಕೈಯೊಡ್ಡಿ ಕೇಳಿದಳು: "ಇನ್ನೂ ಏಸು ದಿನ ಕುಡುದ್ರೆ ಕಾಣ್ತದೆ ಅಮ್ಮಾವ್ರೆ?"

"ಕುಡಿ ಮಗಳೇ" ಎಂದರು ಸಾವಿತ್ರಮ್ಮ. ಅವಳು ಹೊರಟುಹೋಗುವ ದಿನದವರೆಗೂ ದಿನವೂ ಕುಡಿಸಿದರು.